ಕ್ರಿಸ್‌ಮಸ್ ಕಾಗದದಲ್ಲಿ ಕೆಟ್ಟ ಸುದ್ದಿನೂ ಬರೀರಿ

ನಮಸ್ಕಾರ ಎಲ್ಲರಿಗೂ. ಇವತ್ತಿಗೆ ಬೇರೆ ವಿಷಯದ ಸ್ಕ್ರಿಪ್ಟ್ ರೆಡಿ ಇತ್ತು. ಅದನ್ನ ಪಕ್ಕಕ್ಕಿಟ್ಟು ಬಂದು ಕೂತಿದ್ದೀನಿ. ಕಾರಣ ಒಂದು ಕಮೆಂಟು.

ಹೋದ ಸಂಚಿಕೇಲಿ ಕ್ರಿಸ್‌ಮಸ್ ಕಾಗದದ ಮಾತು ಬಂದಾಗ, ಮನೆಯ ವರ್ಷದ ಸುದ್ದಿ ಬರೆಯೋವಾಗ ಕೆಟ್ಟ ಸುದ್ದಿನೂ ಬರೀರಿ ಅಂದಿದ್ದೆ. ಒಂದೇ ಒಂದು ವಾಕ್ಯ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಹಬ್ಬದ ದಿನ ಅಳು ಯಾಕೆ ಸರ್? ಪಾಸಿಟಿವ್ ಆಗಿರಿ." ಅದರ ಕೆಳಗೆ ಲೈಕುಗಳ ಸುರಿಮಳೆ. ಎರಡು ದಿನದಿಂದ ಆ ಮಾತು ತಲೆ ಕೊರೀತಾ ಇದೆ. ಅದಕ್ಕೇ ಇವತ್ತು ಪೂರ್ತಿ ಇದೇ ವಿಷಯ.

ಗೊತ್ತಿಲ್ಲದೋರಿಗೆ ಚುಟುಕಾಗಿ ಹೇಳಿಬಿಡ್ತೀನಿ. ಅಮೆರಿಕ, ಬ್ರಿಟನ್ ಕಡೆ ಬಹಳ ಮನೆಗಳಲ್ಲಿ ಡಿಸೆಂಬರ್ ಬಂತು ಅಂದ್ರೆ ಒಬ್ಬರು ಕೂತು ಆ ವರ್ಷ ಮನೇಲಿ ಏನೇನಾಯ್ತು ಅಂತ ಒಂದು ಕಾಗದ ಬರೀತಾರೆ. ಜನವರಿಯಿಂದ ಶುರು, ಡಿಸೆಂಬರಿಗೆ ಮುಕ್ತಾಯ. ಅದನ್ನೇ ಪ್ರತಿ ತೆಗೆಸಿ, ಕಾರ್ಡಿನ ಒಳಗೆ ಮಡಿಸಿಟ್ಟು, ನೆಂಟರಿಗೆ, ಸ್ನೇಹಿತರಿಗೆ, ಹಳೇ ನೆರೆಹೊರೆಯೋರಿಗೆ ಅಂಚೆಗೆ ಹಾಕ್ತಾರೆ. ಬ್ರಿಟನ್‌ನಲ್ಲಿ ಇದಕ್ಕೆ ರೌಂಡ್ ರಾಬಿನ್ ಅಂತಾರೆ. 1959ರಲ್ಲಿ ಜೆರಾಕ್ಸ್ ಕಂಪನಿ ಆಫೀಸಲ್ಲಿ ಗುಂಡಿ ಒತ್ತಿದ್ರೆ ಪ್ರತಿ ಬರೋ ಮಿಷನ್ ತಂದ ಮೇಲೆ ಇಂಥ ಕಾಗದ ಬರೆಯೋರಿಗೆ ಕೆಲಸ ಬಹಳ ಸುಲಭ ಆಯ್ತು. ಒಂದು ಸಲ ಬರೆದ್ರೆ ಸಾಕು, ಐವತ್ತು ಮನೆಗೆ ಹೋಗುತ್ತೆ.

ಈಗ ನನ್ನ ಕಥೆ ಕೇಳಿ. ಅಮೆರಿಕದಲ್ಲಿ ನನಗೊಬ್ಬ ಗೆಳೆಯ ಇದ್ದಾನೆ, ಕಾಲೇಜಿನ ಕಾಲದೋನು. ಫೋನು ಅಪರೂಪ. ನಮ್ಮಿಬ್ಬರ ನಡುವೆ ಉಳಿದಿರೋ ದಾರಿ ಅಂದ್ರೆ ಆ ವರ್ಷಕ್ಕೊಂದು ಕಾಗದ. ಕೆಲವು ವರ್ಷದ ಹಿಂದೆ ಅವನ ಕಾಗದ ಬಂತು. ದಪ್ಪ ಕಾಗದ, ಸುತ್ತ ಹಸಿರು ಅಂಚು, ಮೇಲೆ ಎಲ್ಲರೂ ಕೆಂಪು ಸ್ವೆಟರ್ ಹಾಕ್ಕೊಂಡಿರೋ ಫೋಟೋ. ಮಗನಿಗೆ ಈಜಿನಲ್ಲಿ ಮೆಡಲ್ ಬಂದಿದ್ದು, ಮಗಳು ವಯೊಲಿನ್ ಪರೀಕ್ಷೆ ಪಾಸಾಗಿದ್ದು, ಹೊಸ ಮನೆಯ ಗ್ಯಾರೇಜು, ನಾಯಿಮರಿ ಬಗ್ಗೆ ಪೂರ್ತಿ ನಾಲ್ಕು ಸಾಲು. ಕೊನೇಲಿ "ನಾವೆಲ್ಲ ಆರಾಮ." ನಾನು ಖುಷಿಯಿಂದ ಅವತ್ತೇ ಉತ್ತರ ಬರೆದೆ. ಕೊನೇಲಿ ಎಂದಿನ ಹಾಗೆ, "ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಮುಂದಿನ ಸಲ ಬಂದಾಗ ಅವರ ಕೈಯಡುಗೆ ಊಟ ಮಾಡ್ತೀನಿ" ಅಂತ ಸೇರಿಸಿದೆ.

ಫೆಬ್ರವರಿಯಲ್ಲಿ ಅವನ ಫೋನು ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ಅಮ್ಮ ಜುಲೈನಲ್ಲೇ ಹೋದ್ರು ಕಣೋ. ಹಬ್ಬದ ಕಾಗದದಲ್ಲಿ ಅದನ್ನ ಹೆಂಗೆ ಬರೆಯೋದು ಅಂತ ಬಿಟ್ಟೆ."

ಫೋನಿಟ್ಟು ಆ ಕಾಗದ ಹುಡುಕಿದೆ. ಹಿಂದಿನ ವರ್ಷದ್ದೂ ತೆಗೆದೆ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಹಿಂದಿನ ವರ್ಷದ ಫೋಟೋದಲ್ಲಿ ನಡುವೆ ಒಂದು ಬೆತ್ತದ ಕುರ್ಚಿ, ಅದರಲ್ಲಿ ಅಮ್ಮ, ಮಡಿಲಲ್ಲಿ ಶಾಲು. ಈ ಫೋಟೋದಲ್ಲಿ ಕುರ್ಚಿನೇ ಇಲ್ಲ. ಎಲ್ಲರೂ ಹತ್ತಿರ ಸರಿದು ನಿಂತಿದ್ದಾರೆ. ನಾನು ಅದನ್ನ ಗಮನಿಸೇ ಇರಲಿಲ್ಲ, ನಾಯಿಮರಿ ನೋಡ್ತಾ ಕೂತಿದ್ದೆ. ಸತ್ತು ಐದು ತಿಂಗಳಾದ ತಾಯಿಗೆ ನಮಸ್ಕಾರ ಹೇಳು ಅಂತ ಮಗನಿಗೆ ಬರೆದೆನಲ್ಲ, ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ಅವನಿಗೆ ಅದನ್ನ ಓದುವಾಗ ಎಷ್ಟು ಚುಚ್ಚಿರಬೇಕು!

ಈಗ ಹೇಳಿ, ಪಾಸಿಟಿವ್ ಆಗಿ ಯಾರಿಗೆ ಏನು ಸಿಕ್ಕಿತು? ಕೆಟ್ಟ ಸುದ್ದಿನೂ ಬರೀರಿ ಅಂತ ನಾನು ಹೇಳೋದು ಇದಕ್ಕೆ.

"ಹಬ್ಬ ಅಂದ್ರೆ ಸಂತೋಷ, ಸಂಪ್ರದಾಯನೇ ಹಾಗೆ" ಅಂತೀರಾ? ಸಂಪ್ರದಾಯಕ್ಕೇ ಹೋಗೋಣ ಬನ್ನಿ. ಮೊದಲ ಕ್ರಿಸ್‌ಮಸ್ ಕಾರ್ಡ್ ಅಂತ ಹೆಸರಾಗಿರೋದು 1843ರದ್ದು. ಲಂಡನ್ನಿನ ಹೆನ್ರಿ ಕೋಲ್ ಮಾಡಿಸಿದ್ದು, ಚಿತ್ರ ಬರೆದೋರು ಜಾನ್ ಕಾಲ್ಕಟ್ ಹಾರ್ಸ್ಲಿ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿ ನಾಣ್ಯಕ್ಕೆ ದೇಶದ ಯಾವ ಮೂಲೆಗಾದ್ರೂ ಕಾಗದ ಹೋಗೋ ವ್ಯವಸ್ಥೆ ಬಂದಿತ್ತು. ಎಲ್ಲರಿಗೂ ಕೈಯಲ್ಲಿ ಬರೆಯೋಕೆ ಕೋಲ್‌ಗೆ ಪುರುಸೊತ್ತಿರಲಿಲ್ಲ, ಅದಕ್ಕೆ ಅಚ್ಚು ಹಾಕಿಸಿದ. ಆ ಕಾರ್ಡನ್ನ ಸರಿಯಾಗಿ ನೋಡಿ. ನಡುವೆ ಒಂದು ಕುಟುಂಬ ಲೋಟ ಎತ್ತಿ ಹಬ್ಬ ಮಾಡ್ತಾ ಇದೆ. ಎಲ್ಲರಿಗೂ ಅದೇ ಕಾಣೋದು. ಆದ್ರೆ ಎರಡೂ ಪಕ್ಕದಲ್ಲಿ ಏನಿದೆ? ಒಂದು ಕಡೆ ಹಸಿದೋರಿಗೆ ಊಟ ಕೊಡ್ತಿದ್ದಾರೆ, ಇನ್ನೊಂದು ಕಡೆ ಬಟ್ಟೆ ಇಲ್ಲದೋರಿಗೆ ಬಟ್ಟೆ ಹೊದಿಸ್ತಿದ್ದಾರೆ. ಮೊಟ್ಟಮೊದಲ ಕಾರ್ಡಿನಲ್ಲೇ ಕಷ್ಟಕ್ಕೆ ಜಾಗ ಇತ್ತು ರೀ! ನಾವು ನಡುವಿನ ಚಿತ್ರ ಇಟ್ಟುಕೊಂಡು ಅಂಚು ಕತ್ತರಿಸಿಬಿಟ್ಟಿದ್ದೀವಿ.

ಅದಕ್ಕೂ ಹಿಂದೆ ಹೋಗಿ. ಕ್ರಿಸ್‌ಮಸ್ ಕಥೆ ಅಂದ್ರೇನು? ಲೂಕನ ಸುವಾರ್ತೆ ತೆಗೀರಿ, ಎರಡನೇ ಅಧ್ಯಾಯ. ಛತ್ರದಲ್ಲಿ ಜಾಗ ಸಿಗಲಿಲ್ಲ, ಹೆತ್ತ ಕೂಸನ್ನ ಗೋದಲಿಯಲ್ಲಿ ಮಲಗಿಸಿದ್ರು. ಮತ್ತಾಯ ಇನ್ನೂ ಮುಂದೆ ಹೋಗ್ತಾನೆ: ರಾಜ ಹೆರೋದ ಮಕ್ಕಳನ್ನ ಕೊಲ್ಲಿಸ್ತಾನೆ, ಇವರು ಕೂಸನ್ನ ಎತ್ತಿಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ, ಅಂದ್ರೆ ಈಜಿಪ್ಟಿಗೆ, ಓಡ್ತಾರೆ. ಆ ಮನೆಯ ಆ ವರ್ಷದ ಸುದ್ದಿ ಇದು. "ಮಗ ಹುಟ್ಟಿದ, ನಾವೆಲ್ಲ ಆರಾಮ" ಅಂತಷ್ಟೇ ಬರೆದು ಮುಗಿಸಿದ್ರೆ ಎರಡು ಸಾವಿರ ವರ್ಷ ಯಾರು ನೆನಪಿಟ್ಟುಕೊಳ್ತಿದ್ರು?

ಅಂದ ಹಾಗೆ, ಇಲ್ಲೀತನಕ ಬಂದೋರು ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗಲೇ ಮಾಡಿ, ಬೆಲ್ ಒತ್ತಿ. ಮುಂದಿನ ವಾರ ನೀವು ಕಳಿಸಿದ ಕಾಗದಗಳನ್ನ, ಹೆಸರು ತೆಗೆದು, ಇಲ್ಲೇ ಓದ್ತೀನಿ. ಆ ಸಂಚಿಕೆಗೆ ನಾನು ತುಂಬ ಆಸೆಯಿಂದ ಕಾಯ್ತಾ ಇದ್ದೀನಿ.

ಇನ್ನೊಬ್ಬರು ಕೇಳಿದ್ದಾರೆ, "ದೊಡ್ಡ ಮನೆತನದೋರು ಹೀಗೆಲ್ಲ ಮನೆ ಕಷ್ಟ ಹೊರಗೆ ಹೇಳ್ತಾರಾ?" ಹೇಳ್ತಾರೆ! ಬ್ರಿಟನ್ ರಾಣಿ ಎರಡನೇ ಎಲಿಜಬೆತ್. 1992. ಒಂದೇ ವರ್ಷದಲ್ಲಿ ಒಬ್ಬ ಮಗ ಹೆಂಡತಿಯಿಂದ ಬೇರೆ ಆದ, ಮಗಳ ವಿಚ್ಛೇದನ ಆಯ್ತು, ನವೆಂಬರ್ 20ಕ್ಕೆ ವಿಂಡ್ಸರ್ ಕೋಟೆಗೆ ಬೆಂಕಿ ಬಿತ್ತು. ನಾಲ್ಕು ದಿನ ಬಿಟ್ಟು ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿ ಎದ್ದು ನಿಂತು, ಇದು ನನಗೆ "ಆನಸ್ ಹಾರಿಬಿಲಿಸ್" ಅಂದ್ರು. ಲ್ಯಾಟಿನ್ ಮಾತು, ಭಯಂಕರ ವರ್ಷ ಅಂತ ಅರ್ಥ. ಡಿಸೆಂಬರಿನಲ್ಲಿ ದೊಡ್ಡ ಮಗನ ಸಂಸಾರನೂ ಬೇರೆ ಆಯ್ತು. ಆ ವರ್ಷದ ಕ್ರಿಸ್‌ಮಸ್ ಸಂದೇಶದಲ್ಲೂ, ಎಷ್ಟೋ ಕುಟುಂಬಗಳ ಹಾಗೆ ನಾವೂ ಕಷ್ಟದ ದಿನ ಕಂಡಿದ್ದೀವಿ ಅನ್ನೋ ಅರ್ಥದ ಮಾತು ಹೇಳಿದ್ರು. ಕೋಟೆ ಇದ್ದೋರೇ ಹೇಳಿದ್ರಲ್ಲ! ನಮಗೆ ನಿಮಗೆ ಏನು ಮುಚ್ಚುಮರೆ?

ಕಾಯಿಲೆ ಯಾರದ್ದೋ ಅವರನ್ನ ಕೇಳಿ ಬರೀರಿ, ಅದು ನ್ಯಾಯ. ಅವರು ಬೇಡ ಅಂದ್ರೆ ಬಿಡಿ. ಆದ್ರೆ "ಜನ ಏನಂದ್ಕೋತಾರೆ" ಅನ್ನೋದು ಒಂದು ಕಾರಣನಾ? ಯಾವ ಜನ? ವಿಳಾಸ ಬರೆದು ಅಂಟಿಸ್ತಿರೋದು ನೀವೇ! ನಿಮ್ಮ ಕಷ್ಟ ಕೇಳಿ ಮೂಗು ಮುರಿಯೋರಿಗೆ ಕಾಗದ ಯಾಕೆ ಕಳಿಸ್ತೀರಿ? ಆ ಸ್ಟಾಂಪ್ ದಂಡ.

"ಸ್ಟೇಟಸ್ ಇದೆಯಲ್ಲ, ಎಲ್ಲ ಅಲ್ಲೇ ನೋಡಿದ್ದೀವಿ" ಅನ್ನೋರಿಗಂತೂ ನನ್ನ ಹತ್ತಿರ ಜಾಸ್ತಿ ಮಾತಿಲ್ಲ. ಸ್ಟೇಟಸ್ಸು ಇಪ್ಪತ್ತನಾಲ್ಕು ಗಂಟೆಗೆ ಮಾಯ. ಆ ಎರಡು ಕಾಗದ ಇವತ್ತಿಗೂ ನನ್ನ ಡ್ರಾಯರಿನಲ್ಲಿವೆ.

ಇಂಥ ಕಾಗದಗಳನ್ನ ಗೇಲಿ ಮಾಡೋರೂ ಇದ್ದಾರೆ, ಅದೂ ಗೊತ್ತು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಸೈಮನ್ ಹೊಗಾರ್ಟ್ ಓದುಗರು ಕಳಿಸಿದ ಕಾಗದಗಳನ್ನ ಅಂಕಣದಲ್ಲಿ ವರ್ಷವರ್ಷ ನಗೆಪಾಟಲು ಮಾಡ್ತಿದ್ರು. ಬರೀ ಬಡಾಯಿ ಇದ್ರೆ ನಗದೇ ಇನ್ನೇನು ಮಾಡ್ತಾರೆ? ಅಮ್ಮ ಹೋದ್ರು, ಕುರ್ಚಿ ಖಾಲಿ ಆಯ್ತು, ಅಂತ ಬರೆದಿದ್ರೆ ಯಾವ ನಾಲಿಗೆ ನಗ್ತಿತ್ತು? ಯಾರೂ ನಗ್ತಿರಲಿಲ್ಲ. ನಾನು ಅವತ್ತೇ ಫೋನ್ ಮಾಡ್ತಿದ್ದೆ. ಬೆಳಗಿನ ಜಾವ ಮೂರು ಗಂಟೆಗಾದ್ರೂ ಎದ್ದು ಮಾಡ್ತಿದ್ದೆ!

ಬರೀರಿ. ಕೆಲಸ ಹೋಯ್ತಾ, ಬರೀರಿ. ಮಗಳು ಫೇಲಾದಳಾ, ಅವಳನ್ನ ಕೇಳಿ, ಬರೀರಿ. ಮೆಡಲ್ಲೂ ಇರಲಿ, ನಾಯಿಮರಿನೂ ಇರಲಿ, ನಾಲ್ಕಲ್ಲ ಎಂಟು ಸಾಲು ಇರಲಿ, ನನಗೆ ನಾಯಿಮರಿ ಬಹಳ ಇಷ್ಟ. ಅದರ ಪಕ್ಕ ಇದೂ ಇರಲಿ. ಒಂದು ಸಾಲು ಸಾಕು. "ಈ ವರ್ಷ ಅಮ್ಮ ಇಲ್ಲ." ನಾಲ್ಕು ಪದ, ಅಷ್ಟೇ ರೀ ಕೇಳ್ತಿರೋದು!

ಸ್ಕ್ರಿಪ್ಟಿನಲ್ಲಿ ಇನ್ನೂ ಅರ್ಧ ಪುಟ ಇದೆ, ಓದೋಕೆ ಮನಸ್ಸಿಲ್ಲ. ಆ ಕಮೆಂಟ್ ಹಾಕಿದ್ರಲ್ಲ, ನಿಮ್ಮನ್ನೇ ಕೇಳ್ತಿದ್ದೀನಿ. ನಿಮ್ಮ ಮನೇಲಿ ಈ ವರ್ಷ ಏನಾಯ್ತು? ಒಳ್ಳೇದೂ ಹೇಳಿ, ಕೆಟ್ಟದ್ದೂ ಹೇಳಿ. ಅದೇ ಕಮೆಂಟಿನ ಕೆಳಗೆ ಬರೀರಿ. ಇವತ್ತು ರಾತ್ರಿ ಕೂತು ಓದ್ತೀನಿ, ಉತ್ತರನೂ ಬರೀತೀನಿ.