ಜಪಾನಿಗೆ ಬೇರೆಯೇ ಡಿಸ್ಕ್

ಕೇಳುಗರಿಗೆಲ್ಲ ನಮಸ್ಕಾರ. ಮನೆಯಲ್ಲಿ ಮಕ್ಕಳು ಕೊರಿಯಾದ ಹಾಡು ಹಾಕಿದಾಗ ನಿಮ್ಮ ಕಿವಿಗೂ ಬಿದ್ದಿರುತ್ತದೆ, ಅಲ್ವಾ? ಇವತ್ತು ಅಂಥ ಒಂದೇ ಒಂದು ಹಾಡಿನ ಬಗ್ಗೆ ಹೇಳುತ್ತೇನೆ. 'ವೈ? ಕೀಪ್ ಯುವರ್ ಹೆಡ್ ಡೌನ್'. 2011ರ ಜನವರಿ 26ರಂದು ಜಪಾನಿನಲ್ಲಿ ಬಂದ ಸಿಂಗಲ್, ಅಂದರೆ ಒಂದೆರಡು ಹಾಡಷ್ಟೇ ಇರುವ ಡಿಸ್ಕ್. ಹಾಡಿದವರು ಯುನ್ಹೊ ಮತ್ತು ಚಾಂಗ್‌ಮಿನ್. ಇವರ ತಂಡಕ್ಕೆ ಕೊರಿಯಾದಲ್ಲಿ ಟಿವಿಎಕ್ಸ್‌ಕ್ಯೂ ಅಂತ ಹೆಸರು, ಜಪಾನಿನಲ್ಲಿ ತೊಹೊಶಿಂಕಿ.

ಅದೇ ತಿಂಗಳ ಮೊದಲಲ್ಲೇ ಈ ಹಾಡು ಕೊರಿಯಾದಲ್ಲಿ ಬಂದಾಗಿತ್ತು. ಮತ್ತೆ ಜಪಾನಿಗೆ ಬೇರೆ ಡಿಸ್ಕ್ ಯಾಕೆ? ದುಡ್ಡಿಗೆ ಅಂತ ಸುಮ್ನೆ ಹೇಳಿಬಿಡುತ್ತಾರೆ. ಹಾಗೆ ಹೇಳುವವರು ದಯವಿಟ್ಟು ಸ್ವಲ್ಪ ಹಿಂದಿನ ಕಥೆ ಕೇಳಬೇಕು. ಜಪಾನಿನಲ್ಲಿ ನೆಲೆ ನಿಲ್ಲಬೇಕಾದರೆ ಜಪಾನಿ ಭಾಷೆಯಲ್ಲೇ ಹಾಡಬೇಕು. ವಿಷಯ ಇಷ್ಟೇ.

ಈ ತಂಡ ಜಪಾನಿಗೆ ಕಾಲಿಟ್ಟದ್ದು 2005ರ ಏಪ್ರಿಲ್‌ನಲ್ಲಿ. ಆಗ ಐದು ಜನ ಹುಡುಗರು. ಕೊರಿಯಾದಲ್ಲಿ ಹೋದಲ್ಲೆಲ್ಲ ಜನಜಾತ್ರೆ. ಜಪಾನಿನಲ್ಲಿ? ಮೊದಲ ಸಿಂಗಲ್ ಒರಿಕಾನ್ ಪಟ್ಟಿಯಲ್ಲಿ 37ನೇ ಸ್ಥಾನಕ್ಕೆ ನಿಂತುಹೋಯಿತು. ಒರಿಕಾನ್ ಅಂದರೆ ಯಾವ ಡಿಸ್ಕ್ ಎಷ್ಟು ಮಾರಾಟವಾಯಿತು ಅಂತ ವಾರವಾರ ಎಣಿಸುವ ಪಟ್ಟಿ. ಊರಲ್ಲಿ ರಾಜರಂತೆ ಇದ್ದವರು ಇಲ್ಲಿ ಹೊಸಬರು. ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ಭಾಷೆ ಕಲಿತರು. ಸಭಾಂಗಣಗಳಲ್ಲಿ ಹಾಡುತ್ತಾ ಪ್ರವಾಸ ಮಾಡಿದರು. ಒಂದಾದ ಮೇಲೆ ಒಂದು ಸಿಂಗಲ್ ತಂದರು, ಎಲ್ಲವೂ ಜಪಾನಿಯಲ್ಲೇ. ಮೊದಲ ಸ್ಥಾನ ಯಾವಾಗ ಸಿಕ್ಕಿತು ಗೊತ್ತಾ? 2008ರ ಜನವರಿಯಲ್ಲಿ. ಅದು ಅವರ ಹದಿನಾರನೇ ಸಿಂಗಲ್! ಹದಿನಾರು! ನನಗಂತೂ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

2009ರ ಜುಲೈನಲ್ಲಿ ಟೋಕಿಯೊ ಡೋಮ್ ಎಂಬ ದೊಡ್ಡ ಕ್ರೀಡಾಂಗಣದಲ್ಲಿ ಹಾಡಿದರು. ಅದೇ ತಿಂಗಳ ಕೊನೆಗೆ ಐವರಲ್ಲಿ ಮೂವರು, ತಂಡವನ್ನು ನಡೆಸುತ್ತಿದ್ದ ಕೊರಿಯಾದ ಕಂಪನಿಯ ಒಪ್ಪಂದದ ವಿರುದ್ಧ ಕೋರ್ಟಿಗೆ ಹೋದರು. ಮುಂದಿನ ವರ್ಷ ಜಪಾನಿನಲ್ಲಿ ತಂಡದ ಕೆಲಸವೇ ನಿಂತಿತು. ಉಳಿದವರು ಇಬ್ಬರು, ಯುನ್ಹೊ ಮತ್ತು ಚಾಂಗ್‌ಮಿನ್.

ಆ ಇಬ್ಬರೂ ಸೇರಿ ತಂದ ಡಿಸ್ಕೇ 'ವೈ?'. ಐದು ಜನರ ದನಿ ತುಂಬುತ್ತಿದ್ದ ಜಾಗವನ್ನು ಎರಡೇ ದನಿ ತುಂಬಬೇಕು. ಅಭಿಮಾನಿಗಳು ಕೈಬಿಡಲಿಲ್ಲ. ಮೊದಲ ವಾರವೇ ಎರಡು ಲಕ್ಷಕ್ಕಿಂತ ಜಾಸ್ತಿ ಡಿಸ್ಕ್ ಮಾರಾಟವಾಯಿತು, ಒರಿಕಾನ್‌ನಲ್ಲಿ ಮೊದಲ ಸ್ಥಾನ. ಯಾಕೆ? ಆರು ವರ್ಷದಿಂದ ಇವರು ಅವರ ಭಾಷೆಯಲ್ಲೇ ಹಾಡಿದ್ದರು.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಈ ಹಾಡು ಅಲ್ಲಿನ ಒಂದು ಟಿವಿ ಧಾರಾವಾಹಿಯ ಶೀರ್ಷಿಕೆ ಗೀತೆಯೂ ಆಯಿತು. ಹೊಸ ಹಾಡು ಮನೆಮನೆಗೆ ತಲುಪಲು ಜಪಾನಿನಲ್ಲಿ ಅದು ಹಳೆಯ ದಾರಿ. ಡಿಸ್ಕ್‌ನಲ್ಲಿ ಇನ್ನೊಂದು ವಿಶೇಷವಿದೆ. ಕೊನೆಯಲ್ಲಿ ಅದೇ ಹಾಡನ್ನು ಮುಖ್ಯ ದನಿ ತೆಗೆದು ಮತ್ತೆ ಕೊಟ್ಟಿರುತ್ತಾರೆ, ಕೇಳುವವರು ತಾವೇ ಹಾಡಿಕೊಳ್ಳಲಿ ಅಂತ. ಹಾಡಿಕೊಳ್ಳಬೇಕಾದರೆ ಸಾಲುಗಳು ಬಾಯಿಗೆ ಬರಬೇಕಲ್ಲ? ಅದಕ್ಕೇ ಜಪಾನಿ ಭಾಷೆ!

ಇದೇ ಜೋಡಿ 2018ರಲ್ಲಿ ಯೊಕೊಹಾಮಾದ ನಿಸಾನ್ ಸ್ಟೇಡಿಯಂನಲ್ಲಿ ಸತತ ಮೂರು ದಿನ ಹಾಡಿತು. ಅದಕ್ಕೂ ಮುಂಚೆ ಅಲ್ಲಿ ಯಾರೂ ಹಾಗೆ ಹಾಡಿರಲಿಲ್ಲ, ಜಪಾನಿನವರೂ ಸಹ. ಈಗ ಹಾಡನ್ನೇ ಕೇಳೋಣ. ಮೊದಲು ಕೊರಿಯಾದ್ದು, ಆಮೇಲೆ ಜಪಾನಿನದು.