ಮಕ್ಕಳಿಗೆ ಕಸೂತಿ ಕಲಿಸೂದು ಹೆಂಗ? ಮೊದ್ಲು ಅರಿವಿ ತಿರುವಿ ನೋಡ್ರಿ

ಶಾಟ್: ಕಪ್ಪು ಚಂದ್ರಕಳಿ ಸೀರಿ ಸೆರಗು, ಅದರ ಮ್ಯಾಲೆ ಒಂದು ಗೋಪುರ. ಕ್ಯಾಮೆರಾ ಭಾಳ ಹತ್ರ.

ನಮಸ್ಕಾರ್ರಿ ಎಲ್ಲಾರ್ಗೂ. ಇದು ನಮ್ಮ ಧಾರವಾಡ ಕಡೆ ಕಸೂತಿ, ಅರಿವಿ ಎಳಿ ಎಣಿಸಿ ಹಾಕೂ ಸೂಜಿ ಕೆಲಸ. ಈ ಗೋಪುರ ನೋಡ್ರಿ, ಚಂದ ಅದ ಹೌದಲ್ಲ? ಈಗ ಸೆರಗು ತಿರುವ್ತೀನಿ ತಡೀರಿ... ಹಾಂ. ಈಗ ಹೇಳ್ರಿ, ಇದು ಮ್ಯಾಲಿನ ಬದಿನೋ ಒಳಗಿನ ಬದಿನೋ? ಗೊತ್ತಾಗಂಗಿಲ್ಲ. ಒಂದು ಗಂಟು ಸುದ್ದಾ ಇಲ್ಲ. ನಮ್ಮಜ್ಜಿ ಯಾರ ಕಸೂತಿ ನೋಡಿದ್ರೂ ಮೊದ್ಲು ಹಿಂದಿನ ಬದಿ ನೋಡ್ತಿದ್ಲು, ಮುಂದಿನದು ಆಮ್ಯಾಲೆ, ಅದೂ ಮನಸ್ಸು ಬಂದ್ರ.

ಹೋದ ವರ್ಷ ಒಂದು ಸಾಲಿಗೆ ಕಸೂತಿ ತೋರ್ಸಾಕ ಕರದಿದ್ರು. ಹೋಗಿ ನೋಡಿದ್ರ ಹುಡುಗ್ರ ಕೈಯಾಗ ಆಗ್ಲೇ ಕಾರ್ಬನ್ ಹಾಳಿ ಇಟ್ಟು ಆನಿ ಚಿತ್ರ ಇಳಿಸಿದ ಅರಿವಿ ಇತ್ತು, ಗೆರಿ ಮ್ಯಾಲೆ ಸೂಜಿ ಚುಚ್ಚೂದಷ್ಟೇ ಕೆಲಸ, ಸಂಜಿಗೆ ಪ್ರದರ್ಶನ ಅಂತ, ಅರ್ಧ ಆನಿ ಅವರವ್ವಂದಿರು ಮನ್ಯಾಗ ಮುಗಿಸಿ ಕಳಿಸಿದ್ದು. ನನಗ ಸಿಟ್ಟು ಬಂತ್ರಿ. ಯಾಕಂದ್ರ ಕಸೂತಿ ಒಳಗ ಚಿತ್ರ ತಗಿಯಂಗೇ ಇಲ್ಲ. ಪೆನ್ಸಿಲ್ ಇಲ್ಲ, ಅಚ್ಚು ಇಲ್ಲ. ಅರಿವಿ ಎಳಿ ಎಣಿಸಬೇಕು. ಎಣಿಕಿ ತಗದ್ರಿ ಅಂದ್ರ ಕಸೂತಿನೇ ತಗದಂಗ.

ಹೊಲಿಗಿ ನಾಕು ಥರ. ಗವಂತಿ ಅಂದ್ರ ನೇರ ಗೆರಿ, ಅಡ್ಡ, ಉದ್ದ, ಓರೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗ್ತದ. ಈ ಎರಡು ಹೊಲಿಗಿ ಅರಿವಿಯ ಎರಡೂ ಬದಿ ಒಂದೇ ಥರ ಕಾಣ್ತಾವ. ನೇಗಿ ನೇಯ್ದಂಗ ಕಾಣ್ತದ, ಮೆಂತಿ ನಮ್ಮ ಮೆಂತ್ಯಕಾಳಿನಂಗ, ಅಂದ್ರ ಕ್ರಾಸ್ ಸ್ಟಿಚ್. ಗವಂತಿ ಅನ್ನೂ ಹೆಸರು ಗಂಟಿನಿಂದ ಬಂದದ್ದು ಅಂತಾರ, ಅದರಾಗ ನೋಡಿದ್ರ ಗಂಟೇ ಹಾಕಂಗಿಲ್ಲ! ಇವತ್ತು ಗವಂತಿ ಅಷ್ಟೇ ಹೇಳ್ತೀನಿ, ಹುಡುಗ್ರಿಗೆ ಶುರು ಮಾಡ್ಸಾಕ ಅದು ಸಾಕು.

ಶಾಟ್: ಚೌಕುಳಿ ಹಾಳಿ, ಕೆಂಪು ಮತ್ತ ನೀಲಿ ಪೆನ್ಸಿಲ್.

ಮೊದಲ್ನೇ ದಿನ ಸೂಜಿ ಬ್ಯಾಡ್ರಿ. ಗಣಿತದ ಚೌಕುಳಿ ನೋಟ್‌ಬುಕ್ ತಗೀರಿ. ಆರು ಮನಿ ಉದ್ದದ ಒಂದು ಗೆರಿ. ಹೋಗೂಮುಂದ ಕೆಂಪು, ಒಂದು ಮನಿ ಗೆರಿ, ಒಂದು ಮನಿ ಖಾಲಿ, ಹಿಂಗ ತುದಿ ತನಕ. ಬರೂಮುಂದ ನೀಲಿ, ಖಾಲಿ ಬಿಟ್ಟಿದ್ದೆಲ್ಲ ತುಂಬಿಕೋತ ಬರೂದು. ಅಷ್ಟೇ ಗವಂತಿ. ಕೆಂಪು ಎಲ್ಲೆ ಖಾಲಿ ಬಿಡ್ತೋ ಅಲ್ಲೆ ದಾರ ಅರಿವಿ ಕೆಳಗ ಹೋಗಿರ್ತದ, ಅದಕ್ಕ ಹಿಂದಿನ ಬದಿನೂ ತುಂಬ್ತದ.

ಈಗ ಹುಡುಗ್ರಿಗೆ ಒಂದು ಪ್ರಶ್ನಿ ಕೇಳ್ರಿ. ಇಂಗ್ಲಿಷ್ ಟಿ ಅಕ್ಷರ ಅದಲ್ಲ, ಅದನ್ನ ಪೆನ್ಸಿಲ್ ಎತ್ತದೇ, ಬರದ ಗೆರಿ ಮ್ಯಾಲೆ ಮತ್ತ ಹೋಗದೇ ಬರೀಲಿಕ್ಕೆ ಆಗ್ತದೇನು? ಹತ್ತು ನಿಮಿಷ ಕುಸ್ತಿ ಹಿಡೀತಾರ. ಆಗಂಗಿಲ್ಲ. 1736ರೊಳಗ ಆಯ್ಲರ್ ಅನ್ನೂ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವಿ ಒಂದೊಂದೇ ಸಲ ದಾಟಾಕ ಆಗ್ತದೇನು ಅಂತ ತಲಿ ಕೆಡಿಸ್ಕೊಂಡಿದ್ದು ಇದೇ ಲೆಕ್ಕಕ್ಕ. ಆದ್ರ ಗವಂತಿ ದಾರ ಪ್ರತಿ ಗೆರಿ ಮ್ಯಾಲೆ ಎರಡು ಸಲ ಹೋಗ್ತದ, ಒಮ್ಮೆ ಮ್ಯಾಲೆ, ಒಮ್ಮೆ ಕೆಳಗ. ಹಂಗಾಗಿ ಟಿ ಏನು, ಗೋಪುರ, ತೇರು, ತುಳಸಿಕಟ್ಟಿ, ಎಲ್ಲಾ ಒಂದೇ ದಾರದಾಗ ಮುಗದು ಶುರು ಮಾಡಿದ ಜಾಗಕ್ಕೇ ವಾಪಸ್ ಬರ್ತದ. ಗುಟ್ಟು ಒಂದೇ, ಕವಲು ಬಂದ್ರ ಅದರ ತುದಿ ತನಕ ಹೋಗಿ, ಹಿಂದಕ್ಕ ಬಂದು, ಆಮ್ಯಾಲೆ ಮುಂದಕ್ಕ. ಇದನ್ನ ಸಾಲಿ ಮೆಟ್ಲು ಹತ್ತದ ಅಜ್ಜಿಗಳು ಬಾಯಿಪಾಠ ಇಲ್ಲದೇ ಮಾಡ್ತಿದ್ರು ನೋಡ್ರಿ.

ಎರಡನೇ ದಿನ ಅರಿವಿ. ಇಳಕಲ್ ಸೀರಿ ಕೊಡಬ್ಯಾಡ್ರಿ ಮತ್ತ, ಅದರ ಎಳಿ ಭಾಳ ಸಣ್ಣ, ಹುಡುಗ್ರ ಕಣ್ಣು ಹೋಗ್ತಾವ. ಮ್ಯಾಟಿ ಅರಿವಿ ತರ್ರಿ, ಎಳಿ ದಪ್ಪ, ತೂತು ಕಾಣ್ತಾವ. ಸೂಜಿ ಮೊಂಡ ತುದಿದು, ದೊಡ್ಡ ಕಣ್ಣಿಂದು. ದಾರದ ಲಡಿಯಾಗ ಆರು ಎಳಿ ಇರ್ತಾವ, ಮೂರು ಬಿಡಿಸಿ ಪೋಣಿಸ್ರಿ. ದಾರ ಮೊಳಕೈ ಉದ್ದ ಸಾಕು, ಉದ್ದ ತಗೊಂಡ್ರ ಸಿಕ್ಕಾಗ್ತದ, ಸಿಕ್ಕಾದ್ರ ಹುಡುಗ ಎದ್ದು ಹೋಗ್ತಾನ.

ಶಾಟ್: ಹುಡುಗಿ ಕೈ ಮಾತ್ರ, ಮುಖ ಬ್ಯಾಡ.

ಆರನೇ ಕ್ಲಾಸಿನ ಒಬ್ಬ ಹುಡುಗಿ ಮೆಟ್ಟಿಲು ಹಾಕ್ಲಿಕತ್ತಿದ್ಲು, ಒಂದು ಹೊಲಿಗಿಗೆ ನಾಕು ಎಳಿ, ತುಟಿ ಒಳಗೇ ಒಂದು ಎರಡು ಮೂರು ನಾಕು, ಸೂಜಿ ಕೆಳಗ, ಒಂದು ಎರಡು ಮೂರು ನಾಕು, ಸೂಜಿ ಮ್ಯಾಲೆ. ಮೂರನೇ ಮೆಟ್ಟಿಲಿನಾಗ ಬಾಜೂಕಿನಾಕಿ ಏನೋ ಕೇಳಿದ್ಲು, ಅಲ್ಲೆ ಐದು ಎಳಿ ಆತು. ಆಕಿಗೆ ಗೊತ್ತಾಗ್ಲಿಲ್ಲ, ನಾನೂ ಹೇಳ್ಲಿಲ್ಲ. ವಾಪಸ್ ಬರೂಮುಂದ ತೂತಿಗೆ ತೂತು ಕೂಡವಲ್ದು. ಅರಿವಿ ತಿರುವಿದ್ಲು, ಮತ್ತ ಎಣಿಸಿದ್ಲು, ಆಮ್ಯಾಲೆ ತಾನೇ "ಅಕ್ಕೋರ, ಇಲ್ಲೆ ಒಂದು ಹೆಚ್ಚಾಗೇತ್ರಿ" ಅಂದ್ಲು. ನಾ ಹೇಳಿದ್ದು ಬಿಚ್ಚೂದು ಹೆಂಗ ಅಂತ ಅಷ್ಟೇ, ಸೂಜಿಯಿಂದ ದಾರ ಕಳದು, ಕಣ್ಣಿನ ಬದಿಯಿಂದ ಒಂದೊಂದೇ ಹೊಲಿಗಿ ಎತ್ತಬೇಕು, ಕತ್ರಿ ಮುಟ್ಟಂಗಿಲ್ಲ.

ಇನ್ನೊಂದು, ಜಗ್ಗಬ್ಯಾಡ್ರಿ. ಹೊಸಬ್ರು ಎಲ್ಲಾರೂ ದಾರ ಬಿಗಿದು ಜಗ್ತಾರ, ಅರಿವಿ ನಿರಿಗಿ ಬೀಳ್ತದ. ಎಡಗೈ ಹುಡುಗ್ರಿಗೆ ಎದುರಿಗೆ ಕೂತು ತೋರಸ್ರಿ, ಕನ್ನಡ್ಯಾಗ ನೋಡಿದಂಗ ಕಲೀತಾರ. ಗಂಡುಡುಗ್ರನ್ನ ಆಟಕ್ಕ ಕಳಿಸಿ ಹೆಣ್ಣುಡುಗ್ರಿಗೆ ಅಷ್ಟೇ ಸೂಜಿ ಕೊಡೂ ಪದ್ಧತಿ ಇನ್ನೂ ಅದ, ಅದನ್ನ ಬಿಡ್ರಿ ದಯಮಾಡಿ, ಟಿ ಪ್ರಶ್ನಿಗೆ ಮೊದ್ಲು ಉತ್ತರ ಹೊಳದದ್ದು ಹಿಂದಿನ ಬೆಂಚಿನ ಒಬ್ಬ ಹುಡುಗಗ.

ಟೈಮ್ ಎಲ್ಲದ ಅಂತೀರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಳಗ ಆರರಿಂದ ಎಂಟನೇ ಕ್ಲಾಸಿನವ್ರಿಗೆ ಹತ್ತು ದಿನ ಪಾಟಿಚೀಲ ಇಲ್ಲದ ದಿನ ಇಡ್ರಿ, ಊರಿನ ಕುಶಲಕರ್ಮಿಗಳ ಕಡೆ ಕಲೀಲಿ ಅಂತದ. ಹತ್ತು ದಿನದಾಗ ಆನಿ ಅಂಬಾರಿ ಆಗೂದಿಲ್ಲ ಬಿಡ್ರಿ, ಅಂಗೈಯಷ್ಟು ಒಂದು ಗೋಪುರ ಆಗ್ತದ. ಮತ್ತ ಧಾರವಾಡ, ಹುಬ್ಬಳ್ಳಿ ಕಡೆ ಇದ್ರ ಕಲಿಸೂ ಹೆಣ್ಮಕ್ಕಳು ಓಣ್ಯಾಗೇ ಇರ್ತಾರ. ಅವ್ರನ್ನ ಕರೀರಿ, ಆದ್ರ ಪುಕ್ಕಟ ಕರೀಬ್ಯಾಡ್ರಿ. ಹಾರ ಶಾಲು ಹೊದಿಸಿ ಕಳಿಸೂದು ಸಂಬಳ ಅಲ್ಲ.

ಮುಂದಿನ ವಿಡಿಯೋದಾಗ ಮುರ್ಗಿ ಮಾಡೂಣು. ಅಷ್ಟರಾಗ ನಿಮ್ಮ ಹುಡುಗ್ರು ಗವಂತಿ ಹಾಕಿದ್ರ ಫೋಟೋ ಕಳಸ್ರಿ. ಹಿಂದಿನ ಬದಿದು.