ಕನ್ನಡಕ ಮರೆತು ಬಂದವರ ಸತ್ಯವೇದ

[ತೆರೆಯ ಮೇಲೆ: ಚಾಪೆ ಮೇಲೆ ಕೂತ ಜನ. ಹಳೆಯ ಸತ್ಯವೇದವೊಂದು, ಅಂದರೆ ಬೈಬಲ್, ಕೈಯಿಂದ ಕೈಗೆ ಸಾಗುತ್ತಿದೆ. ಮುಖಗಳು ಕಾಣುವುದಿಲ್ಲ, ಕೈಗಳು ಮಾತ್ರ.]

ನಮಸ್ಕಾರ. ಕೊಳ್ಳೇಗಾಲದ ಕಡೆ ನಮ್ಮ ದೊಡ್ಡಮ್ಮ ಇದ್ದಾರೆ. ಒಂದು ಸಂಜೆ ಅವರ ಜೊತೆ ಪಕ್ಕದ ಬೀದಿಯ ಮನೆ ಕೂಟಕ್ಕೆ ಹೋಗಿದ್ದೆ. ಕೂಟ ನಡೆಸುತ್ತಿದ್ದವರು, "ಒಬ್ಬೊಬ್ಬರು ಒಂದೊಂದು ವಾಕ್ಯ ಓದೋಣ" ಎಂದರು. ಪುಸ್ತಕ ಸುತ್ತಿಕೊಂಡು ದೊಡ್ಡಮ್ಮನ ಹತ್ತಿರ ಬಂತು. ಅವರು ಅದನ್ನು ಕಣ್ಣಿಗೊತ್ತಿಕೊಂಡು, "ಕನ್ನಡಕ ಮನೇಲೇ ಬಿಟ್ಟು ಬಂದೆ ಕಣಪ್ಪ, ನೀನೇ ಓದು" ಎಂದು ಪಕ್ಕದ ಹುಡುಗನಿಗೆ ಕೊಟ್ಟುಬಿಟ್ಟರು.

ದೊಡ್ಡಮ್ಮನಿಗೆ ಕನ್ನಡಕವೇ ಇಲ್ಲ.

ಮುಂದಿನ ಎರಡು ವಾರ ಅವರು ಕೂಟಕ್ಕೆ ಹೋಗಲಿಲ್ಲ. ಮಂಡಿ ನೋವು ಎಂದರಂತೆ. ಸಂತೆಗೆ ಮಾತ್ರ ನಡೆದೇ ಹೋಗಿ ಬಂದಿದ್ದರು!

ಇವತ್ತಿನ ವಿಡಿಯೋ ಇಂಥವರ ಬಗ್ಗೆ. ಓದಲು ಕಷ್ಟವಾಗುವ ದೊಡ್ಡವರಿಗೆ ದೇವರ ವಾಕ್ಯ ತಲುಪಿಸುವುದು ಹೇಗೆ?

[ತೆರೆಯ ಮೇಲೆ: ಕರ್ನಾಟಕದ ನಕ್ಷೆ]

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36. ಅಂದರೆ ಏಳು ವರ್ಷ ದಾಟಿದವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ಓದಲು ಬರುತ್ತಿರಲಿಲ್ಲ. ಯಾದಗಿರಿಯಲ್ಲಂತೂ ಸುಮಾರು ಅರ್ಧ ಜನಕ್ಕೆ. ಇದು ಎಲ್ಲ ಧರ್ಮದವರೂ ಸೇರಿದ ಲೆಕ್ಕ. ಈ ಲೆಕ್ಕಕ್ಕೆ ಸಿಗದ ಇನ್ನೊಂದು ಗುಂಪಿದೆ. ಬಸ್ಸಿನ ಬೋರ್ಡ್ ಓದುತ್ತಾರೆ, ಸಹಿ ಹಾಕುತ್ತಾರೆ. ಆದರೆ ಒಂದು ಪುಟ ಕೊಟ್ಟರೆ ಮೂರನೇ ಸಾಲಿಗೆ ಸುಸ್ತು. ಕಾಗದದಲ್ಲಿ ಇವರೂ ಸಾಕ್ಷರರೇ.

ಆ ಮೂರನೇ ಸಾಲಿನಲ್ಲಿ ಏನಾಗುತ್ತದೆ ನೋಡೋಣ.

[ತೆರೆಯ ಮೇಲೆ: ಪ್ರಾರ್ಥನೆ. ಒಂದೊಂದೇ ಅಕ್ಷರ ದೊಡ್ಡದಾಗುತ್ತದೆ.]

"ಪ್ರಾರ್ಥನೆ." ಚರ್ಚಿನಲ್ಲಿ ಇದಕ್ಕಿಂತ ಜಾಸ್ತಿ ಬಳಸುವ ಪದ ಇದೆಯಾ? ಮೂರೇ ಅಕ್ಷರ. ಮೊದಲನೆಯದರಲ್ಲಿ ರ ಕೆಳಗೆ ಒತ್ತಾಗಿ ಕೂತಿದೆ. ಎರಡನೆಯದರಲ್ಲಿ ಅದೇ ರ ಅರ್ಕಾವತ್ತಾಗಿ ಪಕ್ಕಕ್ಕೆ ಬಂದಿದೆ. ಬಾಯಲ್ಲಿ ರ ಮೊದಲು, ಥ ಆಮೇಲೆ. ಬರೆಯುವಾಗ ಥ ಮೊದಲು, ರ ಆಮೇಲೆ. ಕಣ್ಣು ಮುಂದೆ ಹೋಗಿ ಹಿಂದೆ ಬರಬೇಕು. ನಮಗೆ ಅಭ್ಯಾಸವಾಗಿದೆ, ಗೊತ್ತಾಗುವುದಿಲ್ಲ. ಐವತ್ತು ವಯಸ್ಸಿನಲ್ಲಿ ಅಕ್ಷರ ಕಲಿತವರಿಗೆ ಇದೊಂದು ಪದವೇ ಅರ್ಧ ನಿಮಿಷ. "ಕರ್ತನು", "ಸ್ತೋತ್ರ", "ಕ್ರಿಸ್ತ" ಎಲ್ಲವೂ ಹೀಗೇ. ನಮ್ಮ ನಂಬಿಕೆಯ ಎಷ್ಟೋ ಮುಖ್ಯ ಪದಗಳು ಒತ್ತಕ್ಷರದ ಮೇಲೇ ನಿಂತಿವೆ!

ಇನ್ನು ಭಾಷೆ. ಕನ್ನಡದ ಪೂರ್ತಿ ಸತ್ಯವೇದ ಬಳ್ಳಾರಿಯಿಂದ 1831ರಲ್ಲಿ ಬಂತು. ಆಮೇಲೆ ಪರಿಷ್ಕರಣೆಗಳು ಆದವು. ಆದರೂ ಇವತ್ತಿಗೂ ಸಭೆಗಳಲ್ಲಿ ಓದುವ ಹಳೆಯ ಅನುವಾದದಲ್ಲಿ 23ನೇ ಕೀರ್ತನೆ ಶುರುವಾಗುವುದು ಹೀಗೆ: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಕೇಳಲು ಎಷ್ಟು ಚಂದ! ಆದರೆ "ಕೊರತೆಪಡೆನು" ಎಂದು ಅಡುಗೆಮನೆಯಲ್ಲಿ ಯಾರು ಮಾತಾಡುತ್ತಾರೆ? ದೊಡ್ಡಮ್ಮನ ಬಾಯಲ್ಲಿ ಅದು "ನಂಗೇನೂ ಕಮ್ಮಿ ಇಲ್ಲ". ಅವರಿಗೆ ಈ ಕೀರ್ತನೆ ಬಾಯಿಪಾಠ, ಆದರೆ ಒಮ್ಮೆ ನನ್ನನ್ನೇ ಕೇಳಿದರು: "ಪಡೆಯೋದಿಲ್ಲ ಅಂದ್ರೆ, ಏನು ಸಿಗಲ್ಲ ಅಂತಲಾ?" ಅರ್ಥ ಪೂರ್ತಿ ಉಲ್ಟಾ.

ಸರಳ ಕನ್ನಡದ ಅನುವಾದ ಇದೆ. ಅದೇ ಅನುವಾದ ಸರಣಿಯ ಇಂಗ್ಲಿಷ್ ಹೊಸ ಒಡಂಬಡಿಕೆ, ಅಂದರೆ ಬೈಬಲಿನ ಎರಡನೇ ಭಾಗ, 1978ರಲ್ಲಿ ಮೊದಲು ಬಂದಿದ್ದು ಕಿವುಡರಿಗಾಗಿ. ಸನ್ನೆ ಭಾಷೆಯಲ್ಲಿ ಬೆಳೆದವರಿಗೆ ಇಂಗ್ಲಿಷ್ ಓದು ಎರಡನೇ ಭಾಷೆ ಇದ್ದ ಹಾಗೆ. ಅದಕ್ಕೇ ಸಣ್ಣ ವಾಕ್ಯ, ದಿನಬಳಕೆಯ ಮಾತು. ಕೂಟದಲ್ಲಿ ಗಟ್ಟಿಯಾಗಿ ಓದಲು ಅಂಥದ್ದನ್ನೇ ಇಟ್ಟುಕೊಳ್ಳಿ. ಹಳೆಯದನ್ನು ಬಿಡಬೇಕಿಲ್ಲ, ಹಾಡಿನ ಹಾಗೆ ಅದು ಬಾಯಲ್ಲಿ ಇರಲಿ.

[ತೆರೆಯ ಮೇಲೆ: ಜಪಸರ]

ಓದು ಬಾರದವರ ಚಿಂತೆ ಸಭೆಗೆ ಹೊಸದೇನಲ್ಲ. ಕಥೋಲಿಕರು ಪ್ರಾರ್ಥನೆ ಎಣಿಸುವ ಜಪಸರವನ್ನೇ ತೆಗೆದುಕೊಳ್ಳಿ. ಯುರೋಪಿನ ಮಠಗಳಲ್ಲಿ ಓದು ಬಲ್ಲವರು 150 ಕೀರ್ತನೆ ಹೇಳುತ್ತಿದ್ದರು. ಓದು ಬಾರದವರು ಅದರ ಬದಲು ಬಾಯಿಪಾಠದ ಪ್ರಾರ್ಥನೆಯನ್ನೇ ಎಣಿಸಿ ಎಣಿಸಿ ಹೇಳುತ್ತಿದ್ದರು. ಮುಂದೆ ಯೇಸುವಿನ ತಾಯಿ ಮರಿಯಳನ್ನು ಕರೆಯುವ "ನಮೋ ಮರಿಯ" ಪ್ರಾರ್ಥನೆ 150 ಸಲ ಎಂಬ ಲೆಕ್ಕ ನಿಂತಿತು. ಮಣಿ ಎಂದರೆ ಬೆರಳಿಗೆ ಸಿಗುವ ಪುಟ ಅಷ್ಟೆ. ಯೇಸು ಶಿಲುಬೆ ಹೊತ್ತು ನಡೆದ ಹಾದಿಯನ್ನು ತೋರಿಸುವ 14 ಚಿತ್ರಗಳೂ ಹಾಗೇ, ನಡೆಯುತ್ತಾ "ಓದುವ" ಪುಸ್ತಕ. ಪ್ರೊಟೆಸ್ಟೆಂಟರು ಎಲ್ಲರಿಗೂ ಓದು ಕಲಿಸಲು ಹೊರಟರು, ಶಾಲೆ ಕಟ್ಟಿದರು, ಅದು ದೊಡ್ಡ ಕೆಲಸ. ಆದರೆ ಆ ಪಂಥಕ್ಕೆ ದಾರಿ ಹಾಕಿದ ಲೂಥರ್ 1529ರಲ್ಲಿ ಬರೆದ, ನಂಬಿಕೆಯ ಪಾಠ ಹೇಳುವ ಚಿಕ್ಕ ಪ್ರಶ್ನೋತ್ತರ ಕೂಡ ಮನೆಯ ಯಜಮಾನ ಹೇಳಿಕೊಟ್ಟು, ಮನೆಮಂದಿ ಬಾಯಿಪಾಠ ಮಾಡಲಿ ಎಂದೇ ಇದ್ದದ್ದು.

ನನಗೆ ತುಂಬಾ ಇಷ್ಟವಾದ ಕತೆ ಒಂದು ರಟ್ಟಿನದು.

[ತೆರೆಯ ಮೇಲೆ: ಮಡಚಿದ ರಟ್ಟು, ಅದರ ಮೇಲೆ ರೆಕಾರ್ಡು. ಒಂದು ಕೈ ಅದನ್ನು ತಿರುಗಿಸುತ್ತಿದೆ.]

ಜಾಯ್ ರಿಡರ್‌ಹಾಫ್ ಎಂಬ ಮಹಿಳೆ ಹೊಂಡುರಾಸ್‌ನಲ್ಲಿ ಸೇವೆ ಮಾಡುತ್ತಿದ್ದರು. ಕಾಯಿಲೆ ಬಿದ್ದು ಲಾಸ್ ಏಂಜಲೀಸ್‌ಗೆ ವಾಪಸು ಬಂದರು. ತಾನು ಹೋಗಲಾಗದಿದ್ದರೆ ದನಿಯಾದರೂ ಹೋಗಲಿ ಎಂದು ಸ್ಪ್ಯಾನಿಷ್‌ನಲ್ಲಿ ರೆಕಾರ್ಡು ಮಾಡಿ ಕಳಿಸಿದರು. 1939ರಲ್ಲಿ ಅದೇ ಒಂದು ಸಂಸ್ಥೆಯಾಯಿತು. ಇವತ್ತು ಅವರ ಬಳಿ 6 ಸಾವಿರಕ್ಕೂ ಹೆಚ್ಚು ಭಾಷೆ, ಉಪಭಾಷೆಗಳ ರೆಕಾರ್ಡಿಂಗ್ ಇದೆ. ಆಗ ಕರೆಂಟಿಲ್ಲದ ಊರಿಗೆ ಏನು ಮಾಡುವುದು? ರಟ್ಟನ್ನು ಮಡಚಿದರು, ಅದಕ್ಕೇ ಸೂಜಿ ಸಿಕ್ಕಿಸಿದರು. ರೆಕಾರ್ಡನ್ನು ಕೈಯಲ್ಲೇ ತಿರುಗಿಸಿದರೆ ರಟ್ಟೇ ಮಾತಾಡುತ್ತದೆ. ಬ್ಯಾಟರಿ ಇಲ್ಲ, ರಿಪೇರಿ ಇಲ್ಲ. ಜೋರಾಗಿ ತಿರುಗಿಸಿದರೆ ಪ್ರವಾದಿಯ ದನಿ ಕೀಚಲಾಗುತ್ತಿತ್ತು, ಅದೂ ಸರಿ.

ಈಗ ಅದರ ಕೆಲಸ ಮೆಮೊರಿ ಕಾರ್ಡು ಮಾಡುತ್ತಿದೆ. ಕನ್ನಡದ ಆಡಿಯೋ ಬೈಬಲ್ ಪುಕ್ಕಟೆ ಸಿಗುತ್ತದೆ. "ಮತ್ತೇನು, ಸಮಸ್ಯೆ ಮುಗಿಯಿತಲ್ಲ" ಎಂದು ನಾನೂ ಅಂದುಕೊಂಡೆ. ದೊಡ್ಡಮ್ಮನ ಬಟನ್ ಫೋನಿಗೆ ಪೂರ್ತಿ ಹೊಸ ಒಡಂಬಡಿಕೆ, 260 ಅಧ್ಯಾಯ ತುಂಬಿಸಿ ಕೊಟ್ಟೆ. ತಿಂಗಳು ಬಿಟ್ಟು ಕೇಳಿದರೆ, ಬರೀ ವಂಶಾವಳಿ ಕೇಳಿದ್ದಾರೆ! ಮತ್ತಾಯನ ಮೊದಲ ಅಧ್ಯಾಯ, ಮತ್ತೆ ಮತ್ತೆ. ಯಾಕೆ ಗೊತ್ತಾ? ಫೈಲಿನ ಹೆಸರೆಲ್ಲ ಇಂಗ್ಲಿಷ್ ಅಕ್ಷರ, ಅಂಕಿ. ಓದು ಬಾರದವರಿಗೆ ಕೊಟ್ಟ ವಸ್ತುವನ್ನು ತೆರೆಯಲಿಕ್ಕೇ ಓದು ಬೇಕಿತ್ತು. ತಪ್ಪು ನನ್ನದೇ.

ಆಮೇಲೆ ಹೀಗೆ ಮಾಡಿದೆವು. 260 ತೆಗೆದು ಹನ್ನೆರಡೇ ಕತೆ ಹಾಕಿದೆವು. ಒಂದೊಂದು ಐದು ನಿಮಿಷದೊಳಗೆ. ಶುರುವಿನಲ್ಲೇ ಒಂದು ದನಿ: "ಇದು ನಾಲ್ಕನೇ ಕತೆ, ಕಳೆದುಹೋದ ನಾಣ್ಯದ ಕತೆ." ಮುಂದಿನದಕ್ಕೆ ಯಾವ ಬಟನ್ ಎಂದು ಅದರ ಮೇಲೆ ಒಂದು ಕುಂಕುಮ ಬಣ್ಣದ ಸ್ಟಿಕ್ಕರ್. ವಾಟ್ಸಾಪ್ ಇರುವವರಿಗೆ ಮೊದಲು ಚಿತ್ರ, ಕೆಳಗೆ ವಾಯ್ಸ್ ಮೆಸೇಜು. ಮಧ್ಯೆ ಒಂದಕ್ಷರವೂ ಇಲ್ಲ. ಚಿತ್ರ ಆರಿಸುವಾಗ ಒಂದು ಎಚ್ಚರ ಇರಲಿ: ಸಂಡೇ ಸ್ಕೂಲಿನ ಕಾರ್ಟೂನು ಬೇಡ. ಅರವತ್ತು ವರ್ಷ ಸಂಸಾರ ಹೊತ್ತವರಿಗೆ ಮಕ್ಕಳ ಪುಸ್ತಕ ಕೊಡುವುದು ಅವಮಾನ. ಅವರಿಗೆ ಬಾರದ್ದು ಅಕ್ಷರ, ಬುದ್ಧಿ ಅಲ್ಲವಲ್ಲ.

ಇನ್ನು ಕೂಟ. ನಮ್ಮಲ್ಲಿ ಗಮಕ ಇದೆ. ಒಬ್ಬರು ಹಾಡಿ ವಾಚನ ಮಾಡುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಮುಂದೆ ಕೂತವರಿಗೆ "ಈಗ ನೀವು ಒಂದು ಪದ್ಯ ಓದಿ" ಎಂದು ಯಾರೂ ಪುಸ್ತಕ ಕೊಡುವುದಿಲ್ಲ. ಅದೇ ಕೊಳ್ಳೇಗಾಲದ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕತೆಯನ್ನು ರಾತ್ರಿಯಿಡೀ ಹಾಡುತ್ತಾರೆ, ಅದು ಕಿವಿಯಿಂದ ಕಿವಿಗೆ ಬಂದದ್ದು. ಕೇಳಿ ಕಲಿಯುವುದರಲ್ಲಿ ನಮ್ಮ ಜನ ಯಾವತ್ತೂ ಹಿಂದಿಲ್ಲ. ಹಿಂದೆ ಹಳ್ಳಿ ಸಭೆಗಳಲ್ಲಿ ಹಾಡಿನ ಸಾಲನ್ನು ಒಬ್ಬರು ಮೊದಲು ಹೇಳಿಕೊಡುತ್ತಿದ್ದರು, ಉಳಿದವರು ಹಾಡುತ್ತಿದ್ದರು. ಪ್ರೊಜೆಕ್ಟರ್ ಬಂದ ಮೇಲೆ ಅದು ನಿಂತಿತು. ಗೋಡೆ ಮೇಲೆ ಸಾಲು ಓಡುತ್ತದೆ, ಹಿಂದಿನ ಬೆಂಚಿನವರು ಸುಮ್ನೆ ತುಟಿ ಆಡಿಸುತ್ತಾರೆ. ಹೇಳಿಕೊಡುವವರನ್ನು ವಾಪಸು ಕರೆಯಿರಿ, ಖರ್ಚೇನೂ ಇಲ್ಲ.

ಕತೆ ಮುಗಿದ ಮೇಲೆ "ಅರ್ಥ ಆಯಿತಾ?" ಎಂದು ಕೇಳಬೇಡಿ. ಎಲ್ಲರೂ ತಲೆ ಆಡಿಸುತ್ತಾರೆ. "ಮನೆಯಲ್ಲಿ ಮೊಮ್ಮಗಳಿಗೆ ಇದನ್ನ ಹೆಂಗೆ ಹೇಳ್ತೀರಿ?" ಎಂದು ಕೇಳಿ. ತಪ್ಪಿದ್ದರೆ ಆಡಿಯೋ ಮತ್ತೊಮ್ಮೆ ಹಾಕಿ, ಎಲ್ಲರೂ ಸೇರಿ ಕೇಳಿ. ತಿದ್ದುವುದು ಆಡಿಯೋದ ದನಿ, ನೀವಲ್ಲ. ಅದರಿಂದ ಯಾರಿಗೂ ಮುಖಭಂಗವಿಲ್ಲ.

[ತೆರೆಯ ಮೇಲೆ: ಅದೇ ಚಾಪೆ. ಮಧ್ಯದಲ್ಲಿ ಬಟನ್ ಫೋನು.]

ಮೊನ್ನೆ ಕೂಟದಲ್ಲಿ ಲೂಕನ 15ನೇ ಅಧ್ಯಾಯ. ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದು ಕಳೆದುಕೊಂಡ ಹೆಂಗಸು. ಎರಡು ಸಲ ಕೇಳಿಸಿ, ಯಾರು ಹೇಳುತ್ತೀರಿ ಎಂದರು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಶುರುಮಾಡಿದರು. ದೀಪ ಹಚ್ಚಿದಳು, ಮನೆ ಗುಡಿಸಿದಳು, ಒಲೆ ಸಂದಿ ನೋಡಿದಳು, ಸಾಸಿವೆ ಡಬ್ಬ ಮಗುಚಿ ಹುಡುಕಿದಳು...

"ದೊಡ್ಡಮ್ಮ, ಸಾಸಿವೆ ಡಬ್ಬ ವಾಕ್ಯದಲ್ಲಿ ಇಲ್ಲ" ಎಂದ ಪಕ್ಕದ ಹುಡುಗ. ಪುಸ್ತಕ ತೆರೆದುಕೊಂಡೇ ಕೂತಿದ್ದ.

ಫೋನ್ ಮತ್ತೆ ಹಾಕಿದರು. ಹೌದು, ಇರಲಿಲ್ಲ.

"ಇಲ್ವಾ?" ಎಂದರು ದೊಡ್ಡಮ್ಮ. "ಸರಿ, ತೆಗೀತೀನಿ. ಆದ್ರೆ ಆಕೆ ಅಲ್ಲೇ ಮೊದಲು ನೋಡಿರ್ತಾಳೆ ಕಣೋ."